ಸತ್ಯಾಂಶ: ಸೋಮವಾರದ ಹೊಟ್ಟೆನೋವು ನಾಟಕವೇ?

"ಭಾನುವಾರ ಇಲ್ಲದ ಹೊಟ್ಟೆನೋವು ಸೋಮವಾರ ಬೆಳಿಗ್ಗೆ ಬಂದರೆ ಅದು ನಾಟಕ. ಎರಡು ಬಾರಿಸಿ ಶಾಲೆಗೆ ಕಳಿಸಿ." ಹಾಸನದ ನಮ್ಮ ಪೋಷಕರ ವಾಟ್ಸಾಪ್ ಗುಂಪಿಗೆ ಈ ಮೆಸೇಜ್ ಮತ್ತೆ ಬಂದಿದೆ.

ನೋವು ನಿಜವಾದದ್ದೇ. ಹೆದರಿಕೆಯಾದಾಗ ಮೈಯಲ್ಲಿ ಅಡ್ರಿನಲಿನ್ ಅನ್ನುವ ಹಾರ್ಮೋನು ಏರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಕರುಳಿನ ಕೆಲಸ ಏರುಪೇರಾಗುತ್ತದೆ. ಮೆದುಳಿಗೂ ಕರುಳಿಗೂ ನರಗಳ ನಂಟಿದೆ. ಇಂಟರ್‌ವ್ಯೂ ದಿನ ನಮಗೂ ಹೊಟ್ಟೆ ತೊಳಸುತ್ತದೆ, ಅಲ್ವಾ? ಭಾನುವಾರ ನೋವಿಲ್ಲ ಅಂದರೆ ಮಗು ಸುಳ್ಳು ಹೇಳುತ್ತಿದೆ ಅಂತಲ್ಲ. ಹೆದರಿಕೆಯ ಬೇರು ಶಾಲೆಯ ಕಡೆ ಇರಬಹುದು ಅಂತ.

ನಮ್ಮ ಪಕ್ಕದ ಮನೆಯ ಹುಡುಗ ಎಂಟನೇ ಕ್ಲಾಸು. ತಟ್ಟೆಯಲ್ಲಿ ಅಕ್ಕಿರೊಟ್ಟಿ ಹಾಗೇ ಆರಿಹೋಗುತ್ತಿತ್ತು. ಬೀದಿ ತಿರುವಿನಲ್ಲಿ ಸ್ಕೂಲ್ ಬಸ್ಸಿನ ಹಾರ್ನ್ ಕೇಳಿದರೆ ಬಚ್ಚಲಿಗೆ ಓಡುತ್ತಿದ್ದ. ಬಸ್ ಹೋದ ಮೇಲೆ ಸರಿಹೋಗುತ್ತಿದ್ದ. ಇದನ್ನೇ ಎಲ್ಲರೂ ನಾಟಕ ಅಂದರು, ನಾನೂ ಅಂದಿದ್ದೆ. ಆಮೇಲೆ ಗೊತ್ತಾಯಿತು, ಕನ್ನಡ ಮಾಧ್ಯಮದಿಂದ ಬಂದವನ ಇಂಗ್ಲಿಷ್ ಕೇಳಿ ಕ್ಲಾಸೆಲ್ಲ ನಗುತ್ತಿತ್ತಂತೆ.

ಮೊದಲು ಮಕ್ಕಳ ಡಾಕ್ಟರಿಗೆ ತೋರಿಸಿ, ಬೇರೆ ಕಾಯಿಲೆಯೂ ಇರಬಹುದು. ಹಾಗಂತ ಸುಮ್ನೆ ವಾರಗಟ್ಟಲೆ ಮನೆಯಲ್ಲಿ ಕೂರಿಸಬೇಡಿ. ದಿನ ಕಳೆದಷ್ಟೂ ವಾಪಸ್ ಹೋಗುವುದು ಜಾಸ್ತಿ ಕಷ್ಟ. ಟೀಚರ್ ಜೊತೆ ಮಾತಾಡಿ. ಬಾರಿಸುವ ಮಾತು ಬಿಡಿ, ಶಾಲೆಯಲ್ಲಿ ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯೇ ನಿಷೇಧಿಸಿದೆ.

ಯಾರನ್ನು ಕೇಳುವುದು ಅಂತ ಗೊತ್ತಾಗದಿದ್ದರೆ 14416ಕ್ಕೆ ಫೋನ್ ಮಾಡಿ. ಅದು 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.