800 ಕಾಗದ ಹಂಚಿದ ಮನೆಯಲ್ಲಿ ಒಂದು ಕಾಗದ ಇಲ್ಲ

ಇವತ್ತು ಬೆಳಿಗ್ಗೆ ಚಹಾ ಕುಡಿಯುವ ಮೊದಲೇ ತಂಗಿಯ ಮಗಳು ಗಂಡನನ್ನು ಕರೆದುಕೊಂಡು ಮನೆಗೆ ಬಂದಳು. "ಮಾವಾ, ನಮ್ಮ ಮದುವೆ ಕಾಗದ ಒಂದು ಉಂಟಾ ನಿಮ್ಮಲ್ಲಿ?"

ಮದುವೆಯಾಗಿ ನಾಲ್ಕು ತಿಂಗಳು. ಹಂಚಿದ್ದು 800 ಆಮಂತ್ರಣ ಕಾಗದ. ಕಾಸರಗೋಡಿನ ಪೆರ್ಲದಿಂದ ಪುತ್ತೂರಿನ ತನಕ ಉರಿಬಿಸಿಲಿಗೆ ಕಾರು ಓಡಿಸಿದ್ದು ನಾನೇ, ಹಾಗಾಗಿ ಲೆಕ್ಕ ಗೊತ್ತು. ಈಗ ಅವರ ಮನೆಯಲ್ಲಿ ನೋಡಲಿಕ್ಕೆ ಒಂದೂ ಇಲ್ಲ! ಹುಡುಗನಿಗೆ ಮಸ್ಕತ್‌ನಲ್ಲಿ ಕೆಲಸ. ಇವಳನ್ನು ಕರೆದುಕೊಂಡು ಹೋಗಬೇಕಾದರೆ ಮದುವೆ ಸರ್ಟಿಫಿಕೇಟ್ ಬೇಕು. ಅದು ಬೇಕಾದರೆ ಪಂಚಾಯತಿನಲ್ಲಿ ನೋಂದಣಿ ಆಗಬೇಕು. ಇಬ್ಬರಿಗೂ ಈಗ ನೆನಪಾಗಿದೆ.

ನನಗೆ ಸಿಟ್ಟು ಬಂತು. ಬರದೆ ಇರುತ್ತದಾ? ಕಾಶಿ ಹಲ್ವಕ್ಕೆ ಬಣ್ಣ ಹಾಕಬೇಕೋ ಬೇಡವೋ ಎಂದು ಇದೇ ಜನ ಒಂದು ಇಡೀ ಸಂಜೆ ಚರ್ಚೆ ಮಾಡಿದ್ದರು. ಡ್ರೋನ್ ಎಲ್ಲಿಂದ ಹಾರಬೇಕು ಎಂದು ನೋಡಲು ಎರಡು ಸಲ ಮದುವೆ ಹಾಲ್‌ಗೆ ಹೋಗಿದ್ದರು. ಧಾರೆ ಎರೆಯುವ ಹೊತ್ತಿಗೆ ನನಗೆ ಕಂಡದ್ದು ಕ್ಯಾಮರಾದವರ ಬೆನ್ನು ಮಾತ್ರ, ಅದು ಬೇರೆ ವಿಷಯ. ಇಷ್ಟೆಲ್ಲ ತಲೆ ಓಡಿಸಿದವರಿಗೆ ಒಂದು ಫೈಲು ಮಾಡಿಡಬೇಕು ಅಂತ ಹೊಳೆಯಲಿಲ್ಲ.

ಎಲ್ಲ ಮದುವೆ ನೋಂದಣಿಯಾಗಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2006ರಲ್ಲಿ. ನಮ್ಮ ಕೇರಳದಲ್ಲಿ ಅದಕ್ಕೆ ನಿಯಮ ಬಂದದ್ದು 2008ರಲ್ಲಿ. ಮದುವೆಯಾಗಿ 45 ದಿನದೊಳಗೆ ಅರ್ಜಿ ಕೊಡಬೇಕು. ತಪ್ಪಿದರೆ ದಂಡ ಕಟ್ಟಿ ಮಾಡಿಸಬಹುದು. ತುಂಬಾ ತಡವಾದರೆ ಮೇಲಧಿಕಾರಿಯ ಅನುಮತಿ, ಓಡಾಟ. ಇಬ್ಬರು ಸಾಕ್ಷಿಗಳು ಬೇಕು. ಮದುವೆ ನಡೆದದ್ದಕ್ಕೆ ಪುರಾವೆಯೂ ಬೇಕು, ಕಾಗದ ಹುಡುಕಿಕೊಂಡು ಬಂದದ್ದು ಅದಕ್ಕೇ.

ಇವರು ಮೊದಲು ಹೋದದ್ದು ಹುಡುಗಿಯ ಊರಿನ ಪಂಚಾಯತಿಗೆ. "ಹಾಲ್ ನಮ್ಮ ಪಂಚಾಯತಿನಲ್ಲಿ ಇಲ್ಲವಲ್ಲ, ಮದುವೆ ನಡೆದ ಕಡೆಗೆ ಹೋಗಿ" ಎಂದು ಅಲ್ಲಿಂದ ಕಳಿಸಿದರು. ಸರಿಯಾಗಿಯೇ ಹೇಳಿದ್ದಾರೆ. ಹಾಲ್ ಬುಕ್ ಮಾಡುವಾಗ ಊಟದ ಟೇಬಲ್ ಎಷ್ಟು, ಕಾರು ಎಷ್ಟು ನಿಲ್ಲುತ್ತದೆ ಎಂದೆಲ್ಲ ಕೇಳುತ್ತೇವೆ. ಅದು ಯಾವ ಪಂಚಾಯತಿಗೆ ಸೇರುತ್ತದೆ ಎಂದು ಯಾರು ಕೇಳುತ್ತಾರೆ? ಹಾಲ್ ಬುಕ್ ಮಾಡಿದ ರಶೀದಿ ಎಲ್ಲಿ ಅಂದರೆ, "ಅಪ್ಪನ ಅಂಗಿ ಕಿಸೆಯಲ್ಲಿತ್ತು, ಒಗೆಯಲು ಹೋಯಿತು."

ಹೆಸರಿನ ಕತೆ ಇನ್ನೂ ಚಂದ. ಎಸ್ಸೆಸೆಲ್ಸಿ ಪುಸ್ತಕದಲ್ಲಿ ಅವಳ ಹೆಸರಿಗೆ ಇಂಗ್ಲಿಷಿನಲ್ಲಿ ಒಂದು 'ಎಚ್' ಜಾಸ್ತಿ. 'ತ' ಅಕ್ಷರಕ್ಕೆ ನಮ್ಮ ಮನೆಯಲ್ಲಿ 'ಟಿ' ಒಂದೇ ಹಾಕಿದರೆ ಶಾಲೆಯವರು 'ಟಿಎಚ್' ಹಾಕಿದ್ದಾರೆ. ಆಧಾರಿನಲ್ಲಿ ಆ 'ಎಚ್' ಇಲ್ಲ. ಪಾಸ್‌ಪೋರ್ಟಿನಲ್ಲಿ ಇನಿಶಿಯಲ್ ಬಿಡಿಸಿ ಅಪ್ಪನ ಹೆಸರು, ಮನೆ ಹೆಸರು ಎಲ್ಲ ಸೇರಿ ಒಂದು ಗೂಡ್ಸ್ ರೈಲು. ಕಾಸರಗೋಡಿನ ಕನ್ನಡದವರ ಮನೆಗಳಲ್ಲಿ ಒಬ್ಬರಿಗೆ ಮೂರು ಹೆಸರು ಇರುವುದು ಹೊಸತಲ್ಲ. ಆದರೆ ಇದನ್ನು ಮದುವೆ ನಿಶ್ಚಯವಾದ ದಿನ ಕೂತು ನೋಡಿದ್ದರೆ ಸರಿಮಾಡಿಕೊಳ್ಳಲು ಆರು ತಿಂಗಳು ಸಿಗುತ್ತಿತ್ತು. ಅರ್ಜಿ ಕನ್ನಡದಲ್ಲಿ ಬರೆಯುವ ಹಕ್ಕು 1969ರ ಭಾಷಾ ಕಾನೂನಿನಿಂದ ನಮಗಿದೆ, ಅದನ್ನು ಎಷ್ಟು ಜನ ಬಳಸುತ್ತೇವೆ ಎಂಬುದು ಇನ್ನೊಂದು ಜಗಳ. ಇವತ್ತು ಬೇಡ.

"ಈಗ ಎಲ್ಲ ಆನ್‌ಲೈನ್ ಅಲ್ವಾ, ಕೇರಳ ಸರಕಾರದ ಕೆ-ಸ್ಮಾರ್ಟ್ ಬಂದಿದೆ, ಮನೆಯಲ್ಲೇ ಕೂತು ವಿಡಿಯೋದಲ್ಲಿ ಮುಖ ತೋರಿಸಿದರೆ ಆಯಿತು" ಎಂದ ಹುಡುಗ. ಆಯಿತು ಮಾರಾಯ. ಮುಖ ತೋರಿಸಬಹುದು. ಮೂರು ಹೆಸರಿನಲ್ಲಿ ಯಾವುದನ್ನು ತೋರಿಸುತ್ತೀ? ಕಳೆದುಹೋದ ರಶೀದಿಯನ್ನು ಕಂಪ್ಯೂಟರು ಹುಡುಕಿ ಕೊಡುತ್ತದಾ?

ಇಷ್ಟು ಬರೆದ ಮೇಲೆ ಒಂದು ವಿಷಯ ಒಪ್ಪಿಕೊಳ್ಳಬೇಕು. ನಾನು ವರ್ಷಗಟ್ಟಲೆ ಆಫೀಸಿನ ಕುರ್ಚಿ ಸವೆಸಿದವನು. ಬೇರೆಯವರ ಅರ್ಜಿಯಲ್ಲಿ ತಪ್ಪು ಹುಡುಕಿಯೇ ಸಂಬಳ ತೆಗೆದುಕೊಂಡವನು. ಮದುವೆ ದಿನ ಬಡಿಸುವವರಿಗೆ ಮೇಲಾರ (ಮಜ್ಜಿಗೆ ಹುಳಿ) ಕಡಿಮೆಯಾಯಿತು ಎಂದು ಜೋರು ಮಾಡುತ್ತಾ ಓಡಾಡಿದೆನೇ ಹೊರತು, ನೋಂದಣಿ ಮಾಡಿಸಿ ಮಕ್ಕಳೇ ಎಂದು ಒಂದು ಮಾತು ಹೇಳಲಿಲ್ಲ. ನಮ್ಮದೇ ಮದುವೆ ಆದದ್ದು 1991ರಲ್ಲಿ. ನೋಂದಣಿಯಾದದ್ದು 2012ರಲ್ಲಿ, ಪೆನ್ಶನ್ ಕಾಗದಪತ್ರ ಮಾಡುವಾಗ. ಅವತ್ತು ಪಂಚಾಯತಿನ ಬೆಂಚಿನಲ್ಲಿ ಕೂತು ಹೆಂಡತಿ ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ.

ಕಾಗದ ಕೊನೆಗೂ ಸಿಕ್ಕಿತು. ಅಡುಗೆಮನೆಯ ಡಬ್ಬಿಯ ಅಡಿಯಲ್ಲಿ. ಹಿಂದುಗಡೆ ಹೆಂಡತಿ ಹಾಲಿನವನ ಲೆಕ್ಕ ಬರೆದಿದ್ದಾಳೆ, ಒಂದು ಮೂಲೆಗೆ ಎಣ್ಣೆ ಹತ್ತಿದೆ. ಪರವಾಗಿಲ್ಲ, ಅಕ್ಷರ ಕಾಣುತ್ತದೆ ಎಂದು ತಂಗಿಯ ಮಗಳು ಖುಷಿಯಲ್ಲಿ ಬಿಡಿಸಿದಳು.

ಒಳಗೆ ಮದುಮಗಳ ಹೆಸರಿನ ಜಾಗದಲ್ಲಿ ಮನೆಯಲ್ಲಿ ಕರೆಯುವ ಹೆಸರು. ನಾಲ್ಕನೆಯದು.