ನೋವಿಲ್ಲ ಎಂಬುದೇ ಸಮಾಧಾನವಲ್ಲ
'ನೋವಿಲ್ಲದ ಚರ್ಮದ ಗಂಟಿಗೆ ಹೆದರಬೇಕಿಲ್ಲ' ಎಂದು ಲೇಖನವೊಂದರಲ್ಲಿ ಓದಿದೆ; ಆ ಮಾತನ್ನು ನಾನು ಒಪ್ಪುವುದಿಲ್ಲ. ಜಠರದ ಕ್ಯಾನ್ಸರ್ ಚರ್ಮಕ್ಕೆ ಹರಡುವುದು ಅಪರೂಪ, ನಿಜ. ಆದರೆ ಹಾಗೆ ಮೂಡುವ ಗಂಟು ಹೆಚ್ಚಾಗಿ ಗಟ್ಟಿಯಾಗಿ, ನೋವಿಲ್ಲದೆಯೇ ಇರುತ್ತದೆ. ನನ್ನ ತಂದೆಯ ಹೊಕ್ಕುಳಲ್ಲಿ ಅಂಥದೇ ಗಂಟು ಕಾಣಿಸಿಕೊಂಡಾಗ ಎರಡು ತಿಂಗಳು ಬರೀ ಮುಲಾಮು ಹಚ್ಚಿಸಿದರು. ಊಟ ಸೇರದೆ ಅವರ ತೂಕ ಇಳಿಯುತ್ತಿದ್ದುದನ್ನು ಯಾರೂ ಆ ಗಂಟಿನೊಂದಿಗೆ ಜೋಡಿಸಿ ನೋಡಲಿಲ್ಲ. ಕೊನೆಗೆ ಬಯಾಪ್ಸಿ (ಗಂಟಿನ ತುಣುಕು ತೆಗೆದು ಮಾಡುವ ಪರೀಕ್ಷೆ) ಮಾಡಿದಾಗಲೇ ಅದು ಜಠರದಿಂದ ಹರಡಿದ ಕ್ಯಾನ್ಸರ್ ಎಂದು ಗೊತ್ತಾಯಿತು. ಹೊಕ್ಕುಳಿನ ಇಂಥ ಗಂಟಿಗೆ 'ಸಿಸ್ಟರ್ ಮೇರಿ ಜೋಸೆಫ್ ಗಂಟು' ಎಂದೇ ಹೆಸರಿದೆ. ಅಮೆರಿಕದ ರೋಚೆಸ್ಟರ್‌ನಲ್ಲಿ ಶಸ್ತ್ರವೈದ್ಯ ವಿಲಿಯಂ ಮೇಯೊ ಅವರಿಗೆ ನೆರವಾಗುತ್ತಿದ್ದ ಆ ಸನ್ಯಾಸಿನಿ, ಹೊಟ್ಟೆಯೊಳಗಿನ ಕ್ಯಾನ್ಸರಿಗೂ ಹೊಕ್ಕುಳಿನ ಗಂಟಿಗೂ ಇರುವ ನಂಟನ್ನು ಗಮನಿಸಿದ್ದರು. ವಾರಗಟ್ಟಲೆ ಕರಗದ ಗಂಟು ನೋಯಲಿ, ಬಿಡಲಿ, ದಯವಿಟ್ಟು ಪರೀಕ್ಷೆ ಮಾಡಿಸಿ.