ಕಷಾಯ ಕುಡಿಯಿರಿ, ಡಬ್ಬಿ ಮೇಲಿನ ಮಾತು ನಂಬಬೇಡಿ

ಫೋನ್ ತೆರೆದರೆ ಸಾಕು, ಹೆಣ್ಣುಮಕ್ಕಳಿಗಂತಲೇ ಮಾಡಿದ ಹರ್ಬಲ್ ಟೀ ಜಾಹೀರಾತು. ಮುಟ್ಟಿನ ನೋವಿಗೆ ಒಂದು, ಪಿಸಿಓಡಿಗೆ (ಹಾರ್ಮೋನ್ ಏರುಪೇರಾಗಿ ಮುಟ್ಟು ತಪ್ಪುವ, ಮುಖದ ಮೇಲೆ ಕೂದಲು ಬರುವ ತೊಂದರೆ) ಒಂದು, ಹೊಟ್ಟೆ ಕರಗಿಸಲು ಇನ್ನೊಂದು. ನಮ್ಮ ಸ್ಟಾಫ್ ರೂಮಿಗೂ ಬಂದಿವೆ. ಒಬ್ಬರು ತರಿಸಿದರೆ ಮುಗೀತು, ಎಲ್ಲರೂ ಲಿಂಕ್ ಕೇಳುತ್ತಾರೆ. ಕಷಾಯದ ಮೇಲೆ ನನಗೇನೂ ಸಿಟ್ಟಿಲ್ಲ. ರಾಯಚೂರಿನವಳು ನಾನು, ನೆಗಡಿಗೂ ಕಷಾಯ, ಅಜೀರ್ಣಕ್ಕೂ ಕಷಾಯ ಅಂತಲೇ ಬೆಳೆದವಳು. ತಕರಾರು ಇರುವುದು ಆ ಡಬ್ಬಿ ಕೊಡುವ ಭರವಸೆ ಬಗ್ಗೆ.

ಒಂದು ಡಬ್ಬಿ ತಿರುಗಿಸಿ ಓದಿದೆ. ಮುಂದೆ ದೊಡ್ಡದಾಗಿ 'ಹಾರ್ಮೋನ್ ಬ್ಯಾಲೆನ್ಸ್' ಅಂತ ಇದೆ. ಹಿಂದೆ ಕನ್ನಡಕ ಹಾಕಿದರೂ ಕಾಣದಷ್ಟು ಸಣ್ಣ ಅಕ್ಷರದಲ್ಲಿ ಬಡೇಸೋಪು, ಶುಂಠಿ, ಪುದೀನ, ಶತಾವರಿ, ಅಶೋಕದ ತೊಗಟೆ, ಕೊನೆಗೆ ಸೋನಾಮುಖಿ. ಮೊದಲ ಮೂರು ಎಲ್ಲರ ಅಡುಗೆ ಮನೆಯಲ್ಲೂ ಇವೆ. ಶತಾವರಿ ಅಂದರೆ ಹಳಬರು ಹೇಳುವ ಹಲವು ಮಕ್ಕಳ ತಾಯಿ ಬೇರು, ಬಜಾರಿನ ಗಿಡಮೂಲಿಕೆ ಅಂಗಡಿಯಲ್ಲಿ ಕೇಳಿದರೆ ಕೊಡುತ್ತಾರೆ.

ಅಶೋಕದ್ದು ಸ್ವಲ್ಪ ಗೋಜಲು. ಮುಟ್ಟಿನಲ್ಲಿ ಜಾಸ್ತಿ ರಕ್ತ ಹೋಗುವವರಿಗೆ ಆಯುರ್ವೇದ ಹೇಳುವ ಅಶೋಕ ಕಿತ್ತಳೆ ಬಣ್ಣದ ಹೂವು ಗೊಂಚಲು ಗೊಂಚಲಾಗಿ ಬಿಡುವ ಮರ, ಪಶ್ಚಿಮ ಘಟ್ಟದಂಥ ಮಳೆಕಾಡಿನದು. ನಮ್ಮೂರ ಆಫೀಸುಗಳ ಕಾಂಪೌಂಡ್ ಗುಂಟ ಕಂಬದ ಹಾಗೆ ನಿಂತಿವೆಯಲ್ಲ, ಅದಕ್ಕೂ ಅಶೋಕ ಅಂತಲೇ ಕರೆಯುತ್ತೇವೆ, ಆದರೆ ಅದು ಬೇರೆಯೇ ಜಾತಿ. ಅಸಲಿ ಅಶೋಕ ಕಾಡಿನಲ್ಲಿ ಕಡಿಮೆಯಾಗಿದೆ. ಹಾಗಾಗಿ ಈ ಕಂಬದ ಮರದ ತೊಗಟೆ ಬೆರೆಸಿ ಮಾರುವುದು ಆ ವ್ಯಾಪಾರದಲ್ಲಿ ಹಳೇ ಚಾಳಿ. ಪುಡಿಯಾಗಿ ಚೀಲ ಸೇರಿದ ಮೇಲೆ ಯಾರು ಕಂಡುಹಿಡಿಯಬೇಕು?

ಸೋನಾಮುಖಿ ಭೇದಿ ಔಷಧಿ. ಮಲಬದ್ಧತೆಗೆ ಒಂದೆರಡು ದಿನ ತೆಗೆದುಕೊಳ್ಳುವಂಥದ್ದು. 'ಡಿಟಾಕ್ಸ್' ಟೀ ಕುಡಿದು ತೂಕ ಇಳಿಯಿತು ಅನ್ನುವವರಿಗೆ ಇಳಿದಿರುವುದು ನೀರು. ಕೊಬ್ಬು ಇದ್ದಲ್ಲೇ ಇರುತ್ತದೆ. ದಿನಾ ಕುಡಿದರೆ ಮೈಯೊಳಗಿನ ಪೊಟ್ಯಾಷಿಯಂ ಕೂಡ ಇಳಿಯಬಹುದು. ಏಪ್ರಿಲ್ ಬಿಸಿಲಿನಲ್ಲಿ ಸುಮ್ನೆ ಕೂತರೂ ಬೆವರು ಕಿತ್ತುಕೊಂಡು ಬರುವ ಊರು ನಮ್ಮದು. ಇಲ್ಲಿ ಕೈಯಾರೆ ದುಡ್ಡು ಕೊಟ್ಟು ಭೇದಿ ಮಾಡಿಸಿಕೊಳ್ಳಬೇಕಾ?

ಹಾಗಂತ ಎಲ್ಲವೂ ಬೋಗಸ್ ಅಲ್ಲ. ಶುಂಠಿಗೆ ನನ್ನ ಮಾರ್ಕ್ಸ್ ಜಾಸ್ತಿ. ಮುಟ್ಟಿನ ನೋವು ಬರುವುದು ಗರ್ಭಕೋಶದಲ್ಲಿ ಹುಟ್ಟುವ ಪ್ರೊಸ್ಟಾಗ್ಲಾಂಡಿನ್ ಅನ್ನುವ ರಾಸಾಯನಿಕದಿಂದ. ಅದು ಗರ್ಭಕೋಶವನ್ನು ಹಿಂಡುತ್ತದೆ. ಮುಟ್ಟಿನ ಮೊದಲ ಮೂರ್ನಾಲ್ಕು ದಿನ ಶುಂಠಿ ಪುಡಿ ಕೊಟ್ಟು ನೋಡಿದ ಪ್ರಯೋಗಗಳಲ್ಲಿ ನೋವು ಕಡಿಮೆಯಾಗಿದೆ. ಪುದೀನದ್ದು ಅಷ್ಟು ಗಟ್ಟಿಯಿಲ್ಲ. ಪಿಸಿಓಡಿ ಇದ್ದವರು ತಿಂಗಳು ಕಾಲ ಪುದೀನ ಜಾತಿಯ ಒಂದು ಸೊಪ್ಪಿನ ಟೀ ಕುಡಿದಾಗ ಗಂಡು ಹಾರ್ಮೋನ್ ಇಳಿಯಿತು, ಮುಖದ ಕೂದಲು ಮಾತ್ರ ಅಳತೆಗೆ ಸಿಗುವಷ್ಟು ಕಡಿಮೆಯಾಗಲಿಲ್ಲ. ಇನ್ನು ಕೆಂಪು ಬಣ್ಣದ ದುಬಾರಿ 'ಹೈಬಿಸ್ಕಸ್ ಟೀ' ಇದೆಯಲ್ಲ, ಅದು ನಮ್ಮ ಪುಂಡಿ ಪಲ್ಯದ ಬಳಗದ್ದೇ ಗಿಡ! ಬಿಪಿ ಸ್ವಲ್ಪ ಇಳಿಸುತ್ತದೆ. ಬಿಪಿ ಮಾತ್ರೆ ನುಂಗುವವರು ಡಾಕ್ಟರನ್ನು ಕೇಳಿಯೇ ಕುಡಿಯಬೇಕು.

ನಮ್ಮ ಮನೆಯ ಕಷಾಯ ಇಷ್ಟೇ. ಕೊತ್ತಂಬರಿ ಬೀಜ, ಜೀರಿಗೆ ಸಣ್ಣ ಉರಿಯಲ್ಲಿ ಹುರಿಯಬೇಕು. ಜೀರಿಗೆ ಬಣ್ಣ ತಿರುಗಿ ಘಮ್ ಅಂದ ಕೂಡಲೇ ಇಳಿಸಿ, ಇಲ್ಲವಾದರೆ ಕಹಿ. ಒಣಶುಂಠಿ, ನಾಲ್ಕು ಮೆಣಸು ಸೇರಿಸಿ ತರಿತರಿಯಾಗಿ ಕುಟ್ಟಿ, ಎರಡು ಲೋಟ ನೀರು ಒಂದು ಲೋಟ ಆಗುವ ತನಕ ಕುದಿಸಿ. ಹಾಲು ಹಾಕುವುದಾದರೆ ಒಲೆ ಆರಿಸಿದ ಮೇಲೆ ಬೆಲ್ಲ ಹಾಕಿ, ಕುದಿಯುವಾಗ ಹಾಕಿದರೆ ಹಾಲು ಒಡೆಯುತ್ತದೆ. ಹೊಟ್ಟೆನೋವಿನ ದಿನ ಒಂದು ಚಿಟಿಕೆ ಅಜವಾನ ಜಾಸ್ತಿ. ಅರ್ಧ ಗಂಟೆ ಹಾಯೆನಿಸುತ್ತದೆ. ಅಷ್ಟಾದರೆ ಸಾಕು ಅದರಿಂದ.

ನಿಜಕ್ಕೂ ತಲೆಬಿಸಿಯ ವಿಷಯ ಬೇರೆ ಇದೆ. ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ರಕ್ತವೇ ಕಡಿಮೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ. ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರು. ಹತ್ತಿ ಬಿಡಿಸಲು, ನಾಟಿ ಹಚ್ಚಲು ಹೋಗುವವರನ್ನು ನೋಡಿ. ನಸುಕಿನಲ್ಲಿ ಬರೀ ಹೊಟ್ಟೆಗೆ ಚಹಾ, ಮಧ್ಯಾಹ್ನ ರೊಟ್ಟಿ, ರೊಟ್ಟಿ ಮುಗಿಯುವ ಮೊದಲೇ ಮತ್ತೆ ಚಹಾ. ಚಹಾದ ಟ್ಯಾನಿನ್ ಅನ್ನುವ ಒಗರಿನ ಅಂಶ ರೊಟ್ಟಿಯ, ಸೊಪ್ಪಿನ ಕಬ್ಬಿಣವನ್ನು ಮೈಗೆ ಸರಿಯಾಗಿ ಹತ್ತಲು ಬಿಡುವುದಿಲ್ಲ. ಗ್ರೀನ್ ಟೀ ಕೂಡ ಅದೇ ಎಲೆ, ಅದೇ ಕಥೆ. ಊಟಕ್ಕೂ ಚಹಾಕ್ಕೂ ಒಂದು ತಾಸು ಅಂತರ ಇರಲಿ, ಪಲ್ಯದ ಮೇಲೆ ಲಿಂಬೆಹಣ್ಣು ಹಿಂಡಿಕೊಳ್ಳಿ. ಡಬ್ಬಿ ಟೀಗಿಂತ ಇದರಿಂದ ಲಾಭ ಜಾಸ್ತಿ. (ವಗ್ಗಾಣಿ ಮಿರ್ಚಿ ಜೊತೆಗಿನ ಚಹಾ ಬಿಡಿ ಅಂತ ಹೇಳುವ ಧೈರ್ಯ ನನಗಿಲ್ಲ. ನೀವೂ ಕೇಳುವವರಲ್ಲ.)

ಶಾಲೆಯಲ್ಲಿ ವಾರಕ್ಕೊಮ್ಮೆ ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆ ಕೊಡುತ್ತೇವೆ. 60 ಮಿಲಿಗ್ರಾಂ ಕಬ್ಬಿಣ, ಜೊತೆಗೆ ಫೋಲಿಕ್ ಆಮ್ಲ. ಕೆಲವರು ನಾಲಿಗೆ ಕೆಳಗೆ ಇಟ್ಟುಕೊಂಡು ಹೋಗಿ ಗೋಡೆ ಹಿಂದೆ ಉಗುಳುತ್ತಾರೆ. ಖಾಲಿ ಹೊಟ್ಟೆಗೆ ನುಂಗಿದರೆ ಹೊಟ್ಟೆ ತೊಳಸುತ್ತದೆ, ಮಲ ಕಪ್ಪಗಾಗುತ್ತದೆ, ಅದಕ್ಕೇ ಹೆದರಿಕೆ. ಕಪ್ಪಗಾಗುವುದು ಆ ಮಾತ್ರೆಯ ಗುಣ, ಗಾಬರಿ ಬೇಡ. ಬಿಸಿಯೂಟದ ನಂತರ ಕೊಟ್ಟರೆ ಅರ್ಧ ತೊಂದರೆ ತಪ್ಪುತ್ತದೆ. ಒಬ್ಬ ಹುಡುಗಿಯ ತಾಯಿ ಬಂದು, "ಮೇಡಂರೀ, ಆ ಗುಳಿಗಿ ಹೀಟ್ ಆಗ್ತೈತ್ರಿ. ಅದರ ಬದ್ಲಿ ನಾ ಕಷಾಯ ಕೊಡ್ತೀನಿ" ಅಂದಳು. "ಕಷಾಯಾನೂ ಕೊಡವ್ವ, ಗುಳಿಗಿನೂ ನುಂಗ್ಲಿ. ಎರಡೂ ಒಂದೇ ಹೊತ್ತಿಗೆ ಬ್ಯಾಡ," ಅಂದೆ. ಒಪ್ಪಿದಳೋ ಇಲ್ಲವೋ, ತಲೆಯಂತೂ ಆಡಿಸಿ ಹೋದಳು.

ಆಯುರ್ವೇದವೇ ಬೇಕು ಅಂದರೆ ಓದಿದ ವೈದ್ಯರ ಹತ್ತಿರ ಹೋಗಿ. ಬಳ್ಳಾರಿಯಲ್ಲಿ ಸರ್ಕಾರಿ ಆಯುರ್ವೇದ ಕಾಲೇಜೇ ಇದೆ, ಆ ಕಾಲೇಜಿಗೆ ಇಟ್ಟಿರುವುದು ನಮ್ಮ ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆ ಕಟ್ಟಿದ ಪಂಡಿತ ತಾರಾನಾಥರ ಹೆಸರು. ಬಸುರಿನಾ, ಶುಗರ್ ಮಾತ್ರೆ ಇದೆಯಾ ಅಂತ ವೈದ್ಯರು ಕೇಳಿಕೊಂಡೇ ಔಷಧಿ ಬರೆಯುತ್ತಾರೆ. ಶುಗರ್ ಮಾತ್ರೆ ಮೇಲೆ ಮೆಂತ್ಯದ ನೀರನ್ನೂ ಜಾಸ್ತಿ ಕುಡಿದರೆ ಶುಗರ್ ತೀರಾ ಇಳಿಯಬಹುದು. ಬಸುರಿಯರು ಗಟ್ಟಿ ಮೆಂತ್ಯದ ಕಷಾಯ, ಸೋನಾಮುಖಿ ಎರಡನ್ನೂ ತಾವಾಗಿ ಕುಡಿಯಬಾರದು.

ಏಳು ದಿನ ದಾಟಿದ ಮುಟ್ಟು, ಗಂಟೆಗೊಂದು ಪ್ಯಾಡ್ ನೆನೆಯುವಷ್ಟು ರಕ್ತ, ಎದ್ದು ನಿಂತರೆ ಕಣ್ಣು ಕತ್ತಲೆ, ಇವಕ್ಕೆಲ್ಲ ಕಷಾಯ ಕಾಯಿಸುತ್ತಾ ಕೂರಬೇಡಿ. ಮುಟ್ಟು ನಿಂತು ವರ್ಷದ ಮೇಲೆ ಮತ್ತೆ ಒಂದು ಹನಿ ರಕ್ತ ಕಂಡರೂ ಆಸ್ಪತ್ರೆಗೆ ಹೋಗಲೇಬೇಕು. ಅದು ಗರ್ಭಕೋಶದ ಕ್ಯಾನ್ಸರಿನ ಮೊದಲ ಗುರುತೂ ಆಗಿರಬಹುದು. ನಮ್ಮ ಕಡೆ ವಯಸ್ಸಾದವರು ಇದನ್ನು ಬಾಯಿಬಿಟ್ಟು ಹೇಳುವುದೇ ಇಲ್ಲ. ಹೀಟ್ ಆಗಿದೆ ಅಂತ ಜೀರಿಗೆ ನೀರು ಕುಡಿದು ಮಲಗುತ್ತಾರೆ. ಅವ್ವನನ್ನು, ಅತ್ತೆಯನ್ನು, ದೊಡ್ಡವ್ವನನ್ನು ಒಂದು ಮಾತು ನೀವೇ ಕೇಳಿ, ಗಂಡಸರು ಎದುರಿಗಿಲ್ಲದಾಗ.